ಕಮಟು ಹಿಡಿಯದ ಬೇಸಿಗೆ

ಮೊನ್ನೆ ನನ್ನ ತಂಗಿಯ ಮೊಮ್ಮಗಳು ರೇವತಿ ತನ್ನ ಮೇಕಪ್ಪಿನ ಚೀಲವನ್ನು ನನ್ನ ಹಾಸಿಗೆಯ ಮೇಲೆ ಸುರುವಿಕೊಂಡು ಕುಳಿತಿದ್ದಳು. ಒಂದು ಡಬ್ಬಿಯ ಮುಚ್ಚಳ ತೆಗೆದವಳೇ ಮುಖ ಕಿವುಚಿದಳು.

"ಅಜ್ಜಿ, ಭಾಳ ತುಟ್ಟಿ ಕ್ರೀಮದು. ಒಗೀಲಿಕ್ಕೆ ಮನಸ್ಸಾಗವಲ್ದು. ಕೆಟ್ಟದೋ ಇಲ್ಲೋ ನೀವ ಹೇಳ್ರಿ" ಎಂದು ನನ್ನ ಮೂಗಿಗೆ ಹಿಡಿದಳು.

ನನ್ನ ಕಣ್ಣಿಗೆ ಪೊರೆ, ಕಿವಿಗೆ ಮಷೀನು. ಮೂಗು ಮಾತ್ರ, ಥ್ಯಾಂಕ್ ಗಾಡ್, ಇನ್ನೂ ಫಸ್ಟ್ ಕ್ಲಾಸ್. ಮೊದಲು ಲ್ಯಾವೆಂಡರ್ ಬಂತು. ಅದರ ಬೆನ್ನಿಗೇ, ಕರೆಯದೆ ಬಂದ ನೆಂಟನ ಹಾಗೆ, ಇನ್ನೊಂದು ವಾಸನೆ. ಚೂಡಾ ಅವಲಕ್ಕಿ ಕಟ್ಟಿ ತಂದ ಎಣ್ಣೆಗಾಗದವನ್ನು ಕಪಾಟಿನಲ್ಲಿ ಮರೆತುಬಿಟ್ಟರೆ, ಎಂದೋ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಅದು.

"ಕಮಟ ಹಿಡದದ," ಎಂದೆ. "ರ್‍ಯಾನ್ಸಿಡ್, ಮೈ ಡಿಯರ್. ಮ್ಯಾಲೆ ಎಷ್ಟು ಸೆಂಟು ಸುರುವಿದ್ರೂ ಇನ್ನ ಇದು ಸುಧಾರಸೂದಿಲ್ಲ."

ಅವಳು ನಕ್ಕಳು. ಅಷ್ಟರಲ್ಲಿ ನಾನು ಅಲ್ಲಿರಲಿಲ್ಲ. ಧಾರವಾಡದ ಮಾಳಮಡ್ಡಿಯ ಮನೆಯ ಹಿಂದಿನ ಖೋಲಿಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದೆ. ಎದುರಿಗೆ ನನ್ನ ಅಬಚಿ, ಅಂದರೆ ಅವ್ವನ ತಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಡಗೋಲು ತಿರುಗಿಸುತ್ತಿದ್ದಳು.

ಅದು ದೊಡ್ಡ ಯುದ್ಧದ ಕಾಲ. ಧಾರವಾಡದ ಮೇಲೆ ಬಾಂಬೇನೂ ಬೀಳಲಿಲ್ಲ. ಆದರೆ ಅಂಗಡಿಗಳ ಕಪಾಟಿನಿಂದ ವಿಲಾಯತಿ ಸಾಮಾನು ಒಂದೊಂದಾಗಿ ಮಾಯವಾಯಿತು. ಬಿಸ್ಕಿಟು ಹೋಯಿತು, ಒಳ್ಳೆಯ ಸೂಜಿ ಹೋಯಿತು, ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುವ ಸ್ನೋ, ಕೋಲ್ಡ್ ಕ್ರೀಮು ಎಲ್ಲ ಹೋದವು. ನಮ್ಮ ಕಡೆಯ ಚಳಿಗಾಲ ಗೊತ್ತಲ್ಲ, ಬೀಸುವ ಗಾಳಿಗೆ ಗಲ್ಲ ಒಡೆದು ನಗಲಿಕ್ಕೂ ಬರುವುದಿಲ್ಲ. ಹಾಗಾಗಿ ಅಬಚಿ ಮನೆಯಲ್ಲಿ ಮಾಡುತ್ತಿದ್ದ ಕ್ರೀಮಿಗೆ ಒಮ್ಮಿಂದೊಮ್ಮೆಲೇ ಕಿಮ್ಮತ್ತು ಬಂತು. ವಕೀಲರ ಹೆಂಡಂದಿರು, ಮಾಸ್ತರರ ಹೆಂಡಂದಿರು ಹಿತ್ತಿಲ ಬಾಗಿಲಿಗೆ ಬಂದು, "ಇಂದೂಬಾಯಿ, ಒಂದು ಬಾಟ್ಲಿ ತಗದಿಡ್ರಿ" ಎಂದು ಹೇಳಿಹೋಗುತ್ತಿದ್ದರು. ಮುಂಬಾಗಿಲಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ನಾಟಕದವನ ಹೆಂಡತಿಯ ಮನೆ ಅದು.

ಅಬಚಿಯ ಗಂಡ, ನಮ್ಮ ಕಾಕಾ, ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದವರು. ಆಟ ಮುಗಿದ ಮೇಲೆ ಮುಖದ ಬಣ್ಣ ತೆಗೆಯಲಿಕ್ಕೆ ಕ್ರೀಮು ಬೇಕು. ಅದನ್ನು ಅವರು ತಾವೇ ಮಾಡಿಕೊಳ್ಳುತ್ತಿದ್ದರು, ಮದುವೆಯಾದ ಹೊಸದರಲ್ಲಿ ಹೆಂಡತಿಗೂ ಕಲಿಸಿದರು. ನಾನು ಹುಟ್ಟುವುದಕ್ಕಿಂತ ಮೊದಲೇ ಒಂದು ದಿನ ಕಂಪನಿಯೊಡನೆ ಗದಗಿನ ಗಾಡಿ ಹತ್ತಿದವರು ಮತ್ತೆ ಬರಲಿಲ್ಲ. ಸತ್ತರೆಂದು ಯಾರೂ ಹೇಳಲಿಲ್ಲ, ಇದ್ದಾರೆಂದೂ ಹೇಳಲಿಲ್ಲ. ಅಬಚಿ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ತಾನು ಮಾಡಿದ ಕ್ರೀಮನ್ನು ಮಾತ್ರ ಒಮ್ಮೆಯೂ ಮುಖಕ್ಕೆ ಹಚ್ಚಿಕೊಂಡದ್ದು ನಾನು ಕಂಡಿರಲಿಲ್ಲ.

ನನ್ನ ಅಪ್ಪನದು ಬದಲಿ ಆಗುತ್ತಲೇ ಇರುವ ಸರಕಾರಿ ನೌಕರಿ. ಕಾನ್ವೆಂಟ್ ಸಾಲಿ ತಪ್ಪಬಾರದೆಂದು ನನ್ನನ್ನು ಅಬಚಿಯ ಹತ್ತಿರ ಬಿಟ್ಟಿದ್ದರು. ಮ್ಯಾಟ್ರಿಕ್ಕಿಗೆ ಇನ್ನೊಂದು ವರ್ಷವಿತ್ತು. ಬೆಳಿಗ್ಗೆ ಸಾಲಿಯಲ್ಲಿ "ಅವರ್ ಫಾದರ್", ಸಂಜೆ ದೇವರ ಮುಂದೆ "ಶುಭಂ ಕರೋತಿ". ಎರಡನ್ನೂ ಒಂದೇ ರಾಗದಲ್ಲಿ ಹೇಳುತ್ತೇನೆಂದು ಅಬಚಿ ಚೇಷ್ಟೆ ಮಾಡುತ್ತಿದ್ದಳು.

ಕ್ರೀಮು ಮಾಡುವುದನ್ನು ನೋಡಲಿಕ್ಕೆ ಎಷ್ಟು ಛಂದ! ಹಳಿಯಾಳದ ಕಡೆಯಿಂದ ಬಂದ ಜೇನುಮೇಣವನ್ನು ಅಮ್ಮಿನಬಾವಿಯ ಗಾಣದ ಎಳ್ಳೆಣ್ಣೆಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವುದು. ಇನ್ನೊಂದು ಕಡೆ ಗುಲಾಬಿ ನೀರಿಗೆ ಚಿಟಿಕೆ ಬಿಳಿಗಾರ ಹಾಕಿ ಬೆಚ್ಚಗೆ ಮಾಡುವುದು. ನೀರನ್ನು ಎಣ್ಣೆಗೆ ನೂಲಿನಂತೆ ಬಿಡುತ್ತ ಕಡೆಯುವುದು. ಮೊದಲು ಎಣ್ಣೆ ಎಣ್ಣೆಯಾಗಿ, ನೀರು ನೀರಾಗಿ ಜಗಳವಾಡಿಕೊಂಡೇ ಇರುತ್ತವೆ. ಆಮೇಲೆ, ನೀವು ಕಣ್ಣು ಮಿಟುಕಿಸಿದಾಗಲೇ ಆಗುತ್ತದೆ ಅದು, ಹಳದಿ ಹೋಗಿ ಹಾಲುಬಿಳುಪು ಬರುತ್ತದೆ. "ಬಂತು ನೋಡು ಬೆಣ್ಣಿ!" ಎನ್ನುತ್ತಿದ್ದಳು ಅಬಚಿ, ಪ್ರತಿ ಸಲವೂ, ಮೊದಲ ಸಲ ಕಂಡವಳ ಹಾಗೆ.

ಅದು ತಣಿಯುತ್ತ ಬಂದಾಗ ಕೊನೆಯದೊಂದು ಕೆಲಸವಿತ್ತು. ದೇವರ ಖೋಲಿಯಲ್ಲಿ ಗೋಡೆಗೆ ಹೊಡೆದ ಹಲಗೆಯ ಫಳಿಯ ಮೇಲೆ ಒಂದು ದೊಡ್ಡ ದುಂಡನೆಯ ತಗಡಿನ ಡಬ್ಬಿ. ಕಾಕಾ ಕಂಪನಿಯಿಂದ ತಂದದ್ದು. ನಾವು ಅದನ್ನು ತಾಯಿಡಬ್ಬಿ ಅನ್ನುತ್ತಿದ್ದೆವು. ಅದರ ತಳದಲ್ಲಿ ಯಾವಾಗಲೂ ಹಿಂದಿನ ಸಲದ ಕ್ರೀಮು ಒಂದು ಮುಷ್ಟಿ ಉಳಿದಿರುತ್ತಿತ್ತು. ಅಬಚಿ ಹೊಸದನ್ನೆಲ್ಲ ಅದರೊಳಗೆ ಸುರುವಿ, ಹಳೆಯದರ ಜೋಡಿ ಕಲೆಸಿ, ಆಮೇಲೆಯೇ ಬಾಟಲಿ ತುಂಬುತ್ತಿದ್ದಳು. ತುಂಬಿದ ಮೇಲೆ ಮತ್ತೆ ಒಂದು ಮುಷ್ಟಿ ತಳದಲ್ಲಿ ಬಿಡುತ್ತಿದ್ದಳು. ನಮ್ಮ ಮನೆಗಳಲ್ಲಿ ಅಕ್ಕಿಯ ಡಬ್ಬಿಯನ್ನೂ ಪೂರಾ ಬಳಿಯುವುದಿಲ್ಲವಲ್ಲ, ಲಕ್ಷ್ಮಿ ಹೋಗುತ್ತಾಳೆಂದು ನಾಲ್ಕು ಕಾಳಾದರೂ ಬಿಡುತ್ತೇವೆ. ಮೊಸರಿಗೆ ಹೆಪ್ಪು ಹಾಕುತ್ತೇವೆ. ಇದೂ ಹಾಗೆಯೇ ಎಂದು ನಾನೂ ತಿಳಿದಿದ್ದೆ. ಕಾಕಾ ಮತ್ತು ಅಬಚಿ ಇಬ್ಬರೂ ಕೂಡಿ ಕಡೆದ ಮೊದಲ ಕ್ರೀಮಿನ ಅಂಶ ಆ ಡಬ್ಬಿಯಲ್ಲಿ ಇನ್ನೂ ಇತ್ತು. ಆ ಮಾತನ್ನು ಅಬಚಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಡಬ್ಬಿಯನ್ನು ಅವಳು ಎತ್ತಿಕೊಳ್ಳುವ ರೀತಿಯಲ್ಲಿ ತಿಳಿಯುತ್ತಿತ್ತು.

ಆ ವರ್ಷದ ಕಥೆ ಶುರುವಾದದ್ದು ಯುಗಾದಿಗೆ ಮುಂಚೆ, ಹುಬ್ಬಳ್ಳಿಯಿಂದ ಹುಸೇನಸಾಹೇಬರು ಬಂದ ದಿನ. ದುರ್ಗದ ಬೈಲಿನಲ್ಲಿ ಅವರದು ಅತ್ತರಿನ ಅಂಗಡಿ. ಅಬಚಿಯ ಕ್ರೀಮನ್ನು ಹೊರಗೆ ಮಾರಲಿಕ್ಕೆ ಇಡುತ್ತಿದ್ದವರು ಅವರೊಬ್ಬರೇ. ದಪ್ಪ ಮೈ, ತೆಳ್ಳನೆ ದನಿ. ಪಡಸಾಲೆಯಲ್ಲಿ ಕೂತು ಬೆವರು ಒರೆಸಿಕೊಂಡು ಚೀಲದಿಂದ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟರು. ಮಾಘದ ಚಳಿಯಲ್ಲಿ ಮಾಡಿ ಕಳಿಸಿದ್ದವು, ಎಲ್ಲ ವಾಪಸು.

"ಬಾಯಿ, ಸಿಟ್ಟಾಗಬ್ಯಾಡ್ರಿ," ಎಂದರು. "ನನ್ನ ಮೂಗು ಅತ್ತರದಾಗ ಬೆಳದದ್ದು, ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲ. ಮ್ಯಾಲೆ ಗುಲಾಬು ಐತಿ, ಒಳಗ ಗಾಣದ ಎತ್ತು ಕುಂತೈತಿ."

"ಹೋದ ಸಲ ಕೇದಗಿ ಅತ್ತರು ಎರಡು ಪಟ್ಟು ಹಾಕಿದ್ದೆನಲ್ರಿ."

"ಹಾಕಿದ್ರಿ. ಅವಾಗ ಎತ್ತು ಕೇದಗಿ ಮುಡಕೊಂಡು ಕುಂತಿತ್ತು."

ಅಬಚಿಗೆ ನಗು ಬಂತು, ಅಳುವೂ ಬಂದಿರಬೇಕು. "ಗುಲಾಬ್ ನೀರು ಕೆಟ್ಟಿರಬೇಕ್ರಿ" ಎಂದಳು.

"ಗುಲಾಬ್ ನೀರು ಕೊಟ್ಟಾಂವ ನಾನ ಬಾಯಿ."

ತೂಗುಮಂಚದ ಮೇಲಿಂದ ಜೋರಾಗಿ ನಗು ಕೇಳಿತು. ಗೋಪಾಳಮಾಮಾ, ಅವ್ವ ಮತ್ತು ಅಬಚಿಯ ಅಣ್ಣ. ಪುಣೆಯಲ್ಲಿ ನೌಕರಿ. ಮಾಳಮಡ್ಡಿಯ ಮನೆ ಅಜ್ಜ ಬರೆದಿಟ್ಟದ್ದು ಅವನ ಹೆಸರಿಗೆ, ವರ್ಷಕ್ಕೊಮ್ಮೆ ಬಂದು ಹೆಂಚು ಎಣಿಸಿ ಹೋಗುತ್ತಿದ್ದ. "ಇಂದೂ, ಇಷ್ಟ ಸಾಕಿನ್ನ," ಎಂದ. "ಕ್ರೀಮು ಮಾಡೋ ಹೆಂಗಸರ ಮನಿ ಅಂತ ಊರಾಗ ಹೆಸರಾಗೇದ. ಪುಣೆಕ್ಕ ಬಾ. ನಿನ್ನ ವೈನಿಗೆ, ನಮ್ಮ ಮನಿಯಾಕಿಗೆ, ಮೊಣಕಾಲು ನೋವು, ಅಡಗಿಗೆ ನಂಬಿಕಿ ಮಂದಿ ಸಿಗವಲ್ರು. ಈ ಮನಿ ಬಾಡಿಗಿಗೆ ಕೊಡ್ತೇನಿ."

"ಮತ್ತ ಇಕಿ ಸಾಲಿ?" ಅಬಚಿ ನನ್ನ ಕಡೆ ನೋಡಿದಳು.

"ಹುಡುಗಿ ಅವರಪ್ಪನ ಹತ್ರ ಹೋಗ್ತದ. ಇಂಗ್ಲಿಷು ಕಲತದ್ದು ಸಾಕಷ್ಟು ಆಗೇದ. ಮೊನ್ನೆ ನನಗ 'ಎಕ್ಸ್‌ಕ್ಯೂಜ್ ಮಿ' ಅಂತು."

ಅಪ್ಪನಿಗೆ ಆಗ ಬದಲಿಯಾಗಿದ್ದ ಊರಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕನೇ ಇಯತ್ತೆಯ ಮುಂದೆ ಸಾಲಿಯೇ ಇರಲಿಲ್ಲ.

ಹುಸೇನಸಾಹೇಬರು ಅಬಚಿಯನ್ನೊಮ್ಮೆ, ಮಾಮಾನನ್ನೊಮ್ಮೆ ನೋಡಿ ಗಂಟಲು ಸರಿಪಡಿಸಿಕೊಂಡರು. "ರಾಯರ, ತಡೀರಿ. ಬಾಯಿ, ಒಂದು ಕೆಲಸ ಮಾಡೋಣು. ನಿಮ್ಮ ಹಬ್ಬ ಆದ ಮ್ಯಾಲೆ ಹೊಸಾದು ಮಾಡಿ ಕಳಸ್ರಿ. ಬ್ಯಾಸಗಿ ಪೂರ್ತಿ ನನ್ನ ಅಂಗಡ್ಯಾಗ ಇಡತೀನಿ, ಮ್ಯಾಲಿನ ತಗಡಿನ ಪತ್ರಾಸಿನ ಬುಡಕ, ಎಲ್ಲಿ ರೊಟ್ಟಿ ಸುಡಬಹುದೋ ಅಲ್ಲಿ. ಮಳಿ ಹತ್ತಿದ ದಿನ ಮುಚ್ಚಳ ತಗಿಯೂದು. ವಾಸನಿ ಇರದಿದ್ರ, ದಸರಾ ದೀಪಾವಳಿಗೆ ನೀವು ಮಾಡಿದ್ದೆಲ್ಲಾ ನನಗ. ಇತ್ತಂದ್ರ..."

"ಇತ್ತಂದ್ರ ಪುಣೆ," ಎಂದ ಮಾಮಾ. "ಒಪ್ಪಿಗಿ. ಸಾಹೇಬರ ಮೂಗಿನ ಮ್ಯಾಲೆ ನನಗ ವಿಶ್ವಾಸ ಅದ." ಮಾಮಾ ಖುಷಿಯಲ್ಲಿದ್ದ. ಮೂರು ವರ್ಷದಿಂದ ಬೇಸಿಗೆ ದಾಟಿದ ಬಾಟಲಿ ಒಂದೂ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು.

ಮರುದಿನ ಸಾಲಿಗೆ ಹೋದೆ. ಪಾಠ ತಲೆಗೆ ಹೋಗಲಿಲ್ಲ. ಸಿಸ್ಟರ್ ಬರ್ನಾಡೆಟ್ ನಮಗೆ ಜನರಲ್ ಸೈನ್ಸ್ ಮತ್ತು ಹೈಜೀನ್ ಹೇಳಿಕೊಡುತ್ತಿದ್ದರು. ಗೋವೆಯ ಕಡೆಯವರು. ಕೈ ಸದಾ ಒಡೆದಿರುತ್ತಿದ್ದವು, ಆ ಚಳಿಗಾಲದಲ್ಲಂತೂ ಸೀಮೆಸುಣ್ಣ ಹಿಡಿದರೆ ರಕ್ತ ಜಿನುಗುತ್ತಿತ್ತು. ಮಾಘದಲ್ಲಿ ನಾನೇ ಅವರಿಗೆ ಒಂದು ಸಣ್ಣ ಬಾಟಲಿ ಕ್ರೀಮು ಮಾಡಿ ಕೊಟ್ಟಿದ್ದೆ. ಕಾಪಿ ತಿದ್ದಿಸಿಕೊಳ್ಳಲಿಕ್ಕೆ ಅವರ ಮೇಜಿನ ಹತ್ತಿರ ನಿಂತಾಗ ಆ ಬಾಟಲಿ ಕಂಡಿತು. ತಳದಲ್ಲಿ ಸ್ವಲ್ಪ ಉಳಿದಿತ್ತು. ಮುಚ್ಚಳ ಸಡಿಲ. ಸಿಸ್ಟರ್ ತಲೆ ತಗ್ಗಿಸಿದ್ದಾಗ ಎತ್ತಿ ಮೂಸಿದೆ.

ಮೇಣ. ಗುಲಾಬಿ. ಇನ್ನೇನೂ ಇಲ್ಲ.

"ನನ್ನ ಬಾಟಲಿಯಲ್ಲಿ ನಿನ್ನ ಮೂಗಿಗೇನು ಕೆಲಸ, ಚೈಲ್ಡ್?" ಸಿಸ್ಟರ್ ಇಂಗ್ಲಿಷಿನಲ್ಲಿ ಕೇಳಿದರು.

"ಸಾರಿ, ಸಿಸ್ಟರ್" ಎಂದು ಬಾಟಲಿ ಇದ್ದಲ್ಲೇ ಇಟ್ಟು ಬೆಂಚಿಗೆ ಬಂದೆ. ಮಾಘದಲ್ಲಿ ಒಂದೇ ದಿನ ಅಬಚಿ ಮಾಡಿದ ಕ್ರೀಮು, ನಾನು ಮಾಡಿದ ಕ್ರೀಮು ಎರಡಕ್ಕೂ ಒಂದೇ ಡಬ್ಬದ ಎಣ್ಣೆ, ಒಂದೇ ಗಟ್ಟಿಯ ಮೇಣ, ಒಂದೇ ಬಾಟಲಿಯ ಗುಲಾಬಿ ನೀರು. ಅಬಚಿ ಬೆಳಿಗ್ಗೆ ಮಾಡಿ ಮುಗಿಸಿ, ಸಂಜೆ ಎದುರುಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ, ಉಳಿದ ಸಾಮಾನಿನಿಂದ ನಾನು ಸಾರಿನ ಕಲ್ಲುಮರಿಗೆಯಲ್ಲಿ ಕಡೆದಿದ್ದೆ. ಅದು ಕೆಟ್ಟಿತ್ತು, ಇದು ಕೆಟ್ಟಿರಲಿಲ್ಲ. ವಾಟ್ ವಾಸ್ ದಿ ಡಿಫರೆನ್ಸ್? ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. ಆ ಸಂಜೆ ಕಡೆಯುವಾಗ ನಾನು ಸಾಲಿಯ ಬಟ್ಟೆಯಲ್ಲಿದ್ದೆ. ಕಾನ್ವೆಂಟಿನಲ್ಲಿ ಯಾರಾರನ್ನೋ ಮುಟ್ಟಿ ಬಂದ ಬಟ್ಟೆ, ದೇವರ ಖೋಲಿಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ತಾಯಿಡಬ್ಬಿ ಮುಟ್ಟಿರಲಿಲ್ಲ. ನನ್ನ ಕ್ರೀಮಿಗೆ ಹೆಪ್ಪು ಬಿದ್ದಿರಲಿಲ್ಲ!

ಮರುದಿನ ಓಡಿಹೋಗಿ ಸಿಸ್ಟರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕರು, ಆಮೇಲೆ ಗಂಭೀರವಾದರು. ಎಣ್ಣೆಗೆ ಗಾಳಿ ತಾಗುತ್ತ ತಾಗುತ್ತ ಅದು ಹಳಸುತ್ತದೆ, ಬಿಸಿಲು ಸೆಕೆ ಕೂಡಿದರೆ ಇನ್ನೂ ಲಗೂ ಹಳಸುತ್ತದೆ ಎಂದರು. "ಹಾಲಿಗೆ ಹಾಕಿದ ಹೆಪ್ಪು ಹಾಲನ್ನು ಮೊಸರು ಮಾಡುತ್ತದೆ, ಗುಡ್. ಆದರೆ ಹಳಸಿದ ಎಣ್ಣೆಯನ್ನು ಹೊಸ ಎಣ್ಣೆಗೆ ಹಾಕಿದರೆ ಅದು ಕಲಿಸುವುದು ಹಳಸುವುದನ್ನೇ. ಹಿಂದಿನ ಬೆಂಚಿಗೆ ಒಬ್ಬ ಗುಸುಗುಸು ಮಾತಾಡುವ ಹುಡುಗಿಯನ್ನು ಕಳಿಸಿ ನೋಡು. ವಾರದಲ್ಲಿ ಬೆಂಚೆಲ್ಲ ಗುಸುಗುಸು." ನಮ್ಮ ಕ್ಲಾಸಿನಲ್ಲಿ ಆ ಹುಡುಗಿ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅವರು ಉಳಿದ ಬಾಟಲಿಯನ್ನು ನನ್ನ ಕೈಗಿಟ್ಟು, "ಟೇಕ್ ಇಟ್. ನಿನ್ನ ಆಂಟಿಗೆ ತೋರಿಸು" ಎಂದರು.

ತೋರಿಸುವುದು ಸಿಸ್ಟರ್ ತಿಳಿದಷ್ಟು ಸುಲಭವಾಗಿರಲಿಲ್ಲ. ಮಧ್ಯಾಹ್ನ ಮಾಮಾ ಗೊರಕೆ ಹೊಡೆಯುತ್ತಿದ್ದಾಗ ಹಿಂದಿನ ಖೋಲಿಯಲ್ಲಿ ಅಬಚಿಯ ಮುಂದೆ ಎರಡು ಬಾಟಲಿ ಇಟ್ಟೆ, ಒಂದು ಹುಬ್ಬಳ್ಳಿಯಿಂದ ವಾಪಸು ಬಂದದ್ದು, ಒಂದು ಸಿಸ್ಟರ್ ಕೊಟ್ಟದ್ದು. ಅವಳು ಒಂದನ್ನು ಮೂಸಿದಳು, ಮುಖ ತಿರುಗಿಸಿದಳು. ಇನ್ನೊಂದನ್ನು ಮೂಸಿ ಸುಮ್ಮನೆ ಹಿಡಿದುಕೊಂಡಳು.

"ಇದು ಯಾರ ಮಾಡಿದ್ದು?"

"ನಾನ, ಅಬಚಿ. ಅದ ದಿವಸ. ನಿನ್ನ ಎಣ್ಣಿ, ನಿನ್ನ ಮೇಣ." ನನಗೆ ತಿಳಿದಷ್ಟು ಹೇಳಿದೆ, ಸಿಸ್ಟರ್ ಹೇಳಿದ್ದನ್ನೂ ಹೇಳಿದೆ.

ಅಬಚಿಯ ಮುಖ ಬಿಗಿಯಿತು. "ಅಂದ್ರ ಮೊಸರಿಗೆ ಹೆಪ್ಪು ಬ್ಯಾಡ ಅಂತ ನಿಮ್ಮ ಸಿಸ್ಟರ್ ಅಂತಾಳೇನು?"

"ಮೊಸರಿಗೆ ಬೇಕಂತ. ಇದಕ್ಕ ಬ್ಯಾಡ."

"ಭಾಳ ಶಾಣ್ಯಾಳು ನಿಮ್ಮ ಸಿಸ್ಟರ್. ಮುಂಜಾನಿ ಎದ್ದು ಮೊಸರು ಕಡದಾಳೇನು ಎಂದರ?" ಎನ್ನುತ್ತ ಎದ್ದಳು, ಮತ್ತೆ ಕುಳಿತಳು. ದನಿ ಇಳಿಸಿ ಕೇಳಿದಳು, "ನಿಮ್ಮ ಕಾಕಾರ ಕೈ ಹತ್ತಿದ್ದಕ್ಕ ಇದು ಕೆಡ್ಲಿಕತ್ತದ ಅಂತೀಯೇನ?"

ಆ ಪ್ರಶ್ನೆಗೆ ಕಾನ್ವೆಂಟು ನನ್ನನ್ನು ತಯಾರು ಮಾಡಿರಲಿಲ್ಲ. "ಅವರು ಮಾಡಿದಾಗ ಛಲೋನ ಇತ್ತು ಅಬಚಿ," ಎಂದೆ. "ಇಟ್ಟು ಭಾಳ ದಿನ ಆತು, ಅಷ್ಟ."

ತಾಯಿಡಬ್ಬಿ ಫಳಿಯ ಮೇಲೆಯೇ ಉಳಿಯಿತು. ಯುಗಾದಿ ಬಂತು, ಬೇವುಬೆಲ್ಲ ತಿಂದೆವು, ಮಾಮಾ ಶ್ರೀಖಂಡ ಹೊಡೆದು, "ಪುಣೆದಾಗ ಇಂಥಾದ್ದು ದಿನಾ ಮಾಡಿಸಿಕೊಂಡು ತಿಂತೇನಿ ಇಂದೂ" ಎಂದು ತೇಗಿದ, ಬೇಸಿಗೆಯ ಸೂಟಿಗೆ ಮತ್ತೆ ಬರುತ್ತೇನೆಂದು ಹೇಳಿ ಗಾಡಿ ಹತ್ತಿದ. ಅಬಚಿ ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು, ಕಡಗೋಲು ಮಾತ್ರ ಗೂಟಕ್ಕೆ ತೂಗಿತ್ತು. ಹುಬ್ಬಳ್ಳಿಗೆ ಕಳಿಸುವ ದಿನ ದಾಟಿಹೋಗುತ್ತಿತ್ತು. ನಾನು ನನ್ನ ಪುಸ್ತಕಗಳನ್ನು ನೋಡಿ ನೋಡಿ ಬಿಡುತ್ತಿದ್ದೆ.

ಈಗ ನಮ್ಮ ಹಿತ್ತಿಲ ಬಾವಿಯ ವಿಷಯ ಹೇಳಬೇಕು. ಆ ಬಾವಿಯ ಗಡಗಡೆ, ಅಂದರೆ ರಾಟೆ, ಇಡೀ ಮಾಳಮಡ್ಡಿಗೆ ಪ್ರಸಿದ್ಧ. ಹಗ್ಗ ಎಳೆದರೆ ಹಂದಿ ಹಿಡಿದ ಹಾಗೆ ಕಿರುಚುತ್ತಿತ್ತು. ಆ ಸದ್ದಿಗೇ ನಾನು ದಿನಾ ಏಳುವುದು. ಒಂದು ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಗೋಡೆಗೆ ಬಂದಿತ್ತು. ಸದ್ದೇ ಇಲ್ಲ! ಅಬಚಿಗೆ ಏನಾಯಿತೋ ಎಂದು ಗಾಬರಿಯಾಗಿ ಹಿತ್ತಿಲಿಗೆ ಓಡಿದೆ.

ಅಬಚಿ ನೀರು ಸೇದುತ್ತಿದ್ದಳು. ಕೊಡ ಮೇಲೆ ಬರುತ್ತಿತ್ತು, ಹಗ್ಗ ಸರಿಯುತ್ತಿತ್ತು, ಗಡಗಡೆ ತಿರುಗುತ್ತಿತ್ತು, ಒಂದು ಚೂರೂ ಸಪ್ಪಳವಿಲ್ಲದೆ. ಅದರ ಅಚ್ಚಿಗೆ ದಪ್ಪಗೆ ಹಳದಿ ಕ್ರೀಮು ಮೆತ್ತಿತ್ತು. ಬಾವಿಕಟ್ಟೆಯ ಮೇಲೆ ತಾಯಿಡಬ್ಬಿ ಬಾಯಿ ತೆರೆದು ಕುಳಿತಿತ್ತು. ತಳ ಕಾಣುತ್ತಿತ್ತು. ನಾನು ಆ ತಳವನ್ನು ನೋಡಿದ್ದು ಅದೇ ಮೊದಲು.

"ಇಷ್ಟು ವರ್ಷ ಒಂದ ಸವನೆ ಅಳ್ತಿತ್ತು ಇದು," ಎಂದಳು ಅಬಚಿ, ಗಡಗಡೆಯನ್ನು ನೋಡುತ್ತ. "ಈಗ ನೋಡು, ಸುಮ್ಮನಾತು."

ಅವಳ ಕಣ್ಣು ಕೆಂಪಾಗಿದ್ದವು. ಆದರೆ ದನಿಯಲ್ಲಿ ಏನೋ ಒಂದು ಇತ್ತು. ಈಗ ಅದಕ್ಕೆ ಬಿಡುಗಡೆ ಎಂಬ ಹೆಸರು ಕೊಡಬಲ್ಲೆ, ಆಗ ಅದನ್ನು ಕೇಳಿ ನನಗೆ ಹಸಿವೆಯಾಯಿತು, ಅಷ್ಟೇ. "ನಿಂತು ನೋಡ್ತಿ ಏನ? ಬೂದಿ ತಾ. ಹುಣಸಿಹಣ್ಣು ತಾ. ನಿಮ್ಮ ಸಿಸ್ಟರ್ ಅಂದಂಗ ಗುಸುಗುಸು ಹುಡುಗೀನ್ನ ಬೆಂಚಿನಿಂದ ಎಬ್ಬಿಸೋಣು."

ಬೂದಿಯಲ್ಲಿ ತಿಕ್ಕಿದೆವು, ಹುಣಸೆಹಣ್ಣಿನಲ್ಲಿ ತಿಕ್ಕಿದೆವು, ಸೀಗೆಪುಡಿಯಲ್ಲಿ ತಿಕ್ಕಿದೆವು. ಕುದಿಯುವ ನೀರು ಹೊಯ್ದೆವು. ಪ್ರತಿ ಸಲ ತೊಳೆದಾಗಲೂ ಅಬಚಿ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿಯುವಳು. "ಬರ್ತದೇನು?" "ಸ್ವಲ್ಪ ಬರ್ತದ." "ಹಂಗಾರ ಮತ್ತ ತಿಕ್ಕು." ಮೂಲೆಯ ಅಂಚಿನಲ್ಲಿ ಕುಳಿತ ವಾಸನೆ ಬಿಡುವವರೆಗೆ ತಿಕ್ಕಿ, ಕಡೆಗೆ ಬೋರಲು ಹಾಕಿ ಬಿಸಿಲಿಗಿಟ್ಟೆವು. ಕಡಗೋಲು, ಬಾಟಲಿ, ಮುಚ್ಚಳ, ಎಲ್ಲದಕ್ಕೂ ಅದೇ ಸ್ನಾನ.

ಮರುದಿನ ಹೊತ್ತೇರುವ ಮೊದಲೇ ಹೊಸ ಎಣ್ಣೆಯಿಂದ ಕಡೆದಳು. "ಬಂತು ನೋಡು ಬೆಣ್ಣಿ!" ಆ ದಿನದ ಕೂಗು ಎದುರುಮನೆಗೂ ಕೇಳಿಸಿತು. ಬಾಟಲಿಗಳನ್ನು ಗಾಳಿಗೆ ಜಾಗವಿಲ್ಲದಂತೆ ಕಂಠದವರೆಗೆ ತುಂಬಿ, ಮುಚ್ಚಳದ ಸುತ್ತ ಮೇಣ ಇಳಿಸಿ, ಮಂಗಳಾರತಿ ಎತ್ತುವುದೊಂದು ಬಿಟ್ಟು ಎಲ್ಲ ಶಾಸ್ತ್ರ ಮಾಡಿ ಹುಬ್ಬಳ್ಳಿಗೆ ಒಯ್ದೆವು. ಹುಸೇನಸಾಹೇಬರು ಮಾತಿಗೆ ತಪ್ಪದೆ ಪತ್ರಾಸಿನ ಕೆಳಗಿನ ಮೇಲುಫಳಿಗೆ ಏರಿಸಿದರು. ಕೈ ಇಟ್ಟರೆ ಚುರ್ ಅನ್ನುವ ಜಾಗ.

ಆ ಬೇಸಿಗೆಯಷ್ಟು ಉದ್ದನೆಯ ಬೇಸಿಗೆಯನ್ನು ನಾನು ಮತ್ತೆ ಕಾಣಲಿಲ್ಲ. ಧಾರವಾಡದಲ್ಲಾದರೆ ಸಂಜೆಗೊಮ್ಮೆ ತಂಗಾಳಿ ಬಂದೀತು, ಹುಬ್ಬಳ್ಳಿಯಲ್ಲಿ ಹಗಲೆಲ್ಲ ಕಾದ ತವೆ. ಬೇರೆಯವರು ಮಾವಿನಹಣ್ಣಿಗೆ ಸೆಕೆ ಒಳ್ಳೆಯದು ಅನ್ನುತ್ತಿದ್ದರೆ, ನನಗೆ ಆ ಫಳಿಯ ಮೇಲಿನ ಬಾಟಲಿಗಳೇ ಕಣ್ಣಿಗೆ ಕಟ್ಟುತ್ತಿದ್ದವು. ಏನಾದರೂ ನೆವ ಮಾಡಿ ಅಬಚಿಯನ್ನು ಗಾಡಿ ಹತ್ತಿಸಿ ಹುಬ್ಬಳ್ಳಿಗೆ ಎಳೆದೊಯ್ಯುತ್ತಿದ್ದೆ. ಒಮ್ಮೆ ದಾರ ಬೇಕು, ಒಮ್ಮೆ ಗುಂಡಿ ಬೇಕು. ಅಂಗಡಿಯ ಮುಂದೆ ನಿಂತು ಕತ್ತು ಚಾ‌ಚಿ ಗಾಳಿ ಎಳೆದುಕೊಳ್ಳುತ್ತಿದ್ದೆ.

"ಏ ಮಗಳ," ಹುಸೇನಸಾಹೇಬರು ಕೂಗುತ್ತಿದ್ದರು, "ಮೇಣ ಒಡದ್ರ ಪರೀಕ್ಷಾ ಫೇಲ್! ನಾನೂ ಮೂಸಿಲ್ಲ, ಗೊತ್ತೈತಿಲ್ಲೋ? ನನಗೂ ಕೈ ತುರಸಾಕತ್ತೈತಿ."

ಮೇ ತಿಂಗಳಲ್ಲಿ ಮಾಮಾ ಬಂದ. ಬಂದವನೇ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಇಳಿಸಿ ಗೋಣಿಚೀಲದಲ್ಲಿ ಕಟ್ಟತೊಡಗಿದ. ಬಾಡಿಗೆಯವರನ್ನೂ ಕರೆತಂದು ಮನೆ ತೋರಿಸಿದ. ಅವರು ಹಿಂದಿನ ಖೋಲಿಯಲ್ಲಿ ಎಮ್ಮೆ ಕಟ್ಟಬಹುದೇ ಎಂದು ಕೇಳಿದರು. ಅಬಚಿ ಕಟ್ಟದೆ ಉಳಿದ ಮೂರು ಪಾತ್ರೆಗಳಲ್ಲೇ ಅಡಿಗೆ ನಡೆಸಿದಳು.

ಮೋಡ ಕಟ್ಟಿದ ದಿನ ನಾವು ಮೂವರೂ ಬೆಳಗಿನ ಗಾಡಿಗೆ ಹೊರಟೆವು. ಮಾಮಾ ಹೊಸ ರುಮಾಲು ಸುತ್ತಿದ್ದ. ದುರ್ಗದ ಬೈಲು ಮುಟ್ಟುವಷ್ಟರಲ್ಲಿ ಮೊದಲ ಹನಿಗಳು ಧೂಳಿಗೆ ಬಿದ್ದು, ಆ ಮಣ್ಣಿನ ಪರಿಮಳ ಎದ್ದಿತು. ಅಂಗಡಿಯಲ್ಲಿ ಮಳೆಗೆ ಓಡಿಬಂದ ಗಿರಾಕಿಗಳ ಗುಂಪು. ಹುಸೇನಸಾಹೇಬರು ಅವರನ್ನೆಲ್ಲ ಹಿಂದಕ್ಕೆ ಸರಿಸಿ, ಬಾಯಿ ಮುಕ್ಕಳಿಸಿ, ಕೈಗೆ ಅತ್ತರು ಇರಬಾರದೆಂದು ಸಾಬೂನು ಹಚ್ಚಿ ತೊಳೆದು, ಮೆಟ್ಟಿಲೇರಿ ಒಂದು ಬಾಟಲಿ ಇಳಿಸಿದರು. ಚಾಕುವಿನಿಂದ ಮೇಣ ಎಬ್ಬಿಸಿದರು. ಪತ್ರಾಸಿನ ಮೇಲೆ ಮಳೆ ಜೋರಾಯಿತು. ಅಬಚಿ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆಯ ಗುರುತು ಆಮೇಲೆ ಎಷ್ಟೋ ಹೊತ್ತು ಇತ್ತು.

ಅವರು ಕಣ್ಣು ಮುಚ್ಚಿ ಮೂಸಿದರು. ಬಾಟಲಿ ದೂರ ಹಿಡಿದರು. ಮತ್ತೆ ಹತ್ತಿರ ತಂದು ಮೂಸಿದರು. ಮಾಮಾನ ಕೈಗೆ ಕೊಟ್ಟರು. "ರಾಯರ, ಮೊದಲ ನೀವು ಹೇಳ್ರಿ."

ಮಾಮಾ ಮೂಗನ್ನು ಬಾಟಲಿಯೊಳಗೇ ಇಳಿಸಿದ. ಎಡ ಹೊಳ್ಳೆಯಿಂದ ಎಳೆದ, ಬಲ ಹೊಳ್ಳೆಯಿಂದ ಎಳೆದ. ಕಳೆದುಹೋದ ಉಂಗುರ ಹುಡುಕುವವನ ಹಾಗೆ ಹುಡುಕಿದ. ಮೂಗಿನ ತುದಿಗೆ ಬಿಳಿ ಕ್ರೀಮು ಮೆತ್ತಿಕೊಂಡಿತು.

"ಏನೂ ಬರವಲ್ದಲ್ಲ," ಎಂದ ಕಡೆಗೆ. "ನನಗ ನೆಗಡಿ ಆಗಿರಬೇಕು."

"ಕಮಟು ನೆಗಡಿ ಕೇಳಿ ಬರೂದಿಲ್ರಿ ರಾಯರ!" ಹುಸೇನಸಾಹೇಬರ ತೆಳ್ಳನೆ ದನಿ ಮಳೆಯ ಮೇಲೆ ಏರಿತು. "ಗುಲಾಬು ಐತಿ. ಮೇಣ ಐತಿ. ಎಳ್ಳು ಐತಿ, ಮೊನ್ನೆ ಗಾಣದಿಂದ ಇಳಸಿದಂಗ. ಮುಗೀತು, ಮತ್ತೇನಿಲ್ಲ. ಬಾಯಿ, ಎತ್ತು ಎದ್ದು ಹೋಗೈತ್ರಿ!"

ಗುಂಪು ಹೋ ಎಂದು ನಕ್ಕಿತು. ಏಕೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ನಾನು ಜೋರಾಗಿ "ಹಿಪ್ ಹಿಪ್ ಹುರ್ರೇ" ಎಂದುಬಿಟ್ಟೆ. ಹುಸೇನಸಾಹೇಬರು ಬಾಟಲಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಎಲ್ಲರಿಗೂ ಮೂಸಿಸಿದರು, ಎಳನೀರು ಮಾರಲು ಬಂದವನನ್ನೂ ಬಿಡಲಿಲ್ಲ.

ಬಾಟಲಿ ತಿರುಗಿ ಬಂದಾಗ ಅಬಚಿ ಅದನ್ನು ಕೈಗೆ ತೆಗೆದುಕೊಂಡಳು. ಅತ್ತರು ಮಾರುವ ಅಂಗಡಿ, ಗೋಡೆಯ ಮೇಲೆ ದೊಡ್ಡ ಕನ್ನಡಿ ಇತ್ತು. ಅದರ ಮುಂದೆ ಹೋಗಿ ನಿಂತಳು. ಬೆರಳಿನಲ್ಲಿ ಕ್ರೀಮು ತೆಗೆದು ಒಂದು ಗಲ್ಲಕ್ಕೆ ಹಚ್ಚಿದಳು, ಇನ್ನೊಂದು ಗಲ್ಲಕ್ಕೆ ಹಚ್ಚಿದಳು, ಹಣೆಗೆ, ಗದ್ದಕ್ಕೆ. ಅವಸರವಿಲ್ಲದೆ, ಹಬ್ಬದ ಎಣ್ಣೆ ಹಚ್ಚಿಕೊಳ್ಳುವವರ ಹಾಗೆ, ಪೇಟೆಯ ಮಂದಿಯೆಲ್ಲ ನೋಡುತ್ತಿರುವಾಗ. ಕಾಕಾ ಹೋದ ಮೇಲೆ ಮೊದಲ ಸಲ. ಮೋಡದ ಬೆಳಕಿನಲ್ಲಿ ಅವಳ ಮುಖ ಹೊಳೆಯಿತು. ನನ್ನ ಅಬಚಿಗೆ ಆಗ ಮೂವತ್ತು ದಾಟಿ ಬಹಳವಾಗಿರಲಿಲ್ಲ ಎಂಬುದು ನನಗೆ ಆ ಕನ್ನಡಿಯಲ್ಲಿ ಗೊತ್ತಾಯಿತು.

ಹೊಳ್ಳಿ ಮಾಮಾನನ್ನು ನೋಡಿದಳು. "ಗೋಪಾಳಣ್ಣಾ, ಮೂಗು ಒರಸಿಕೋ. ಮತ್ತ ಆ ಗೋಣಿಚೀಲ ನೀನ ಕಟ್ಟೀದಿ, ನೀನ ಬಿಚ್ಚು. ಕೊಪ್ಪರಗಿ ಕೆಳಗಿನ ಫಳಿಗೆ, ತಂಬಿಗಿ ಮ್ಯಾಲಿನ ಫಳಿಗೆ."

ಮಾಮಾ ಅಂದು ಸಂಜೆ ಧೋತರ ಮೇಲೆ ಕಟ್ಟಿ ಪಾತ್ರೆಗಳನ್ನು ಒಂದೊಂದಾಗಿ ಜೋಡಿಸಿದ. ಕೆಟ್ಟವನಲ್ಲ ಅವನು. ವಾಪಸು ಹೋಗುವಾಗ ಮಾಮಿಗೆಂದು ನಾಲ್ಕು ಬಾಟಲಿ ಕೇಳಿ ತೆಗೆದುಕೊಂಡ, ಸೆಕೆ ತಾಗಬಾರದೆಂದು ಪುಣೆಯವರೆಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನಂತೆ. ದೀಪಾವಳಿಯ ಹೊತ್ತಿಗೆ ಅವನ ಓಣಿಯ ಹೆಂಗಸರೆಲ್ಲ ಕೇಳತೊಡಗಿ, ಮನೆ ಬಾಡಿಗೆಯ ಮಾತು ಯಾರೂ ಎತ್ತದೆ ತಾನೇ ನಿಂತುಹೋಯಿತು. ಹಿಂದಿನ ಖೋಲಿಗೆ ಎಮ್ಮೆ ಬರಲಿಲ್ಲ, ಇನ್ನೊಂದು ಕಡಗೋಲು ಬಂತು. ವಕೀಲರ ಹೆಂಡಂದಿರು ಮುಂಬಾಗಿಲಿಗೆ ಬರತೊಡಗಿದರು. ನಾನು ಮ್ಯಾಟ್ರಿಕ್ ಪಾಸಾದೆ, ಸೈನ್ಸಿನಲ್ಲಿ ಡಿಸ್ಟಿಂಕ್ಷನ್. ಸಿಸ್ಟರ್ ಬರ್ನಾಡೆಟ್ಟರ ಕೈ ಮತ್ತೆ ಒಡೆಯಲಿಲ್ಲ.

ತಾಯಿಡಬ್ಬಿ ಮಾತ್ರ ಆಮೇಲೆ ದೇವರ ಖೋಲಿಯ ಫಳಿಗೆ ಹೋಗಲಿಲ್ಲ. ಪ್ರತಿ ಸಲ ಕ್ರೀಮು ತುಂಬಿಸಿದ ಮೇಲೆ ಅಬಚಿ ಅದನ್ನು ತಳ ಕಾಣುವವರೆಗೆ ಬಳಿದು, ತಿಕ್ಕಿ ತೊಳೆದು, ಬಾವಿಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಹಿತ್ತಿಲ ಬಿಸಿಲಿನಲ್ಲಿ ಅದು ಫಳಫಳ ಹೊಳೆಯುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ರೇವತಿ ಏನು ಮಾಡಿದಳು ಗೊತ್ತೇ? ಆ ತುಟ್ಟಿ ಕ್ರೀಮನ್ನು ಬಳಿದು ನನ್ನ ಕಪಾಟಿನ ಕಿರ್ರೆನ್ನುವ ಕೀಲುಗಳಿಗೆಲ್ಲ ಮೆತ್ತಿದಳು. ಬಾಗಿಲು ತೆರೆದಳು, ಮುಚ್ಚಿದಳು, ಸದ್ದಿಲ್ಲ. ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಕಿಟಕಿಯ ಬಿಸಿಲಿಗೆ ಬೋರಲು ಇಟ್ಟಳು. ಸಂಜೆ ಅದನ್ನು ತಂದು ಮತ್ತೆ ನನ್ನ ಮೂಗಿಗೆ ಹಿಡಿದಳು.

"ಈಗ ಏನರೆ ವಾಸನಿ ಬರ್ತದೇನ್ರಿ ಅಜ್ಜಿ?"

"ನಥಿಂಗ್," ಎಂದೆ. "ಫಸ್ಟ್ ಕ್ಲಾಸ್ ನಥಿಂಗ್."